ನಾರಿಸ್ ಮಂಡಿಸಿದ ನಿರ್ಣಯ

ಮಾರ್ಕೆಟ್ಟಿನ ಚಹಾದಂಗಡಿಯಲ್ಲಿ ಗ್ಲೆನಿಸ್ ಹಳೇ ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟದ್ದೇ ತಡ, ನಾರಿಸ್‌ನ ಮುಖ ಸಪ್ಪಗಾಯಿತು. ನಲವತ್ತೈದು ವರ್ಷದ ಹಿಂದೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅವರಿಬ್ಬರೂ ಕ್ಲೈವ್‌ನೂ ಸೇರಿ ಕಟ್ಟಿದ್ದ ಪೋಸ್ಟ್-ಪಂಕ್ ರಾಕ್ ಬ್ಯಾಂಡು ಹಾಡಿಗಿಂತ ಹೆಚ್ಚಾಗಿ ಮಾಡುತ್ತಿದ್ದದ್ದು ಮೀಟಿಂಗು. ಚಹಾಕ್ಕೆ ಎಷ್ಟು ಸಕ್ಕರೆ ಎಂಬುದಕ್ಕೂ ನಿರ್ಣಯ, ಕೈ ಎತ್ತಿ ಮತ, ಮಂಡಿಸಿದವರ ಸಹಿ. ಎಲ್ಲವೂ ಆ ನೋಟ್‌ಬುಕ್ಕಿನಲ್ಲಿತ್ತು.

ಈಗ ಅವರ ಒಂದೇ ಒಂದು ರೆಕಾರ್ಡು ಮತ್ತೆ ಹೊರಬರಲಿತ್ತು. ಹೊಸ ಹುಡುಗರು ಅದರ ಗಿಟಾರಿಗೆ ಮರುಳಾಗಿದ್ದರು. ನುಡಿಸಿದ್ದು ನಾರಿಸ್, ಆಮೇಲೆ ಮೂವತ್ತು ವರ್ಷ ಮನೆಮನೆ ತಿರುಗಿ ಬಾಯ್ಲರ್ ರಿಪೇರಿ ಮಾಡಿದ್ದೂ ಅವನೇ. ಆದರೆ ಕವರಿನ ಮೇಲೆ ಯಾರ ಹೆಸರೂ ಇರಲಿಲ್ಲ. ಹೋದ ತಿಂಗಳು ಒಂದು ಪತ್ರಿಕೆ ಆ ಗಿಟಾರ್ ನುಡಿಸಿದ್ದು ಡ್ರಮ್ ಬಾರಿಸುತ್ತಿದ್ದ ಕ್ಲೈವ್ ಎಂದು ಬರೆದುಬಿಟ್ಟಿತು. ಕ್ಲೈವ್ ಆ ಬರಹವನ್ನು ಕತ್ತರಿಸಿ ಫ್ರೇಮ್ ಹಾಕಿಸಿದ. ನಾರಿಸ್‌ಗೆ ಅವತ್ತಿನಿಂದ ಸರಿಯಾಗಿ ಊಟ ಸೇರಿರಲಿಲ್ಲ.

“ಈ ಸಲ ಹೆಸರು ಹಾಕ್ತೀವಿ ಅಂತಿದಾರೆ ಕಂಪನಿಯೋರು,” ಎಂದಳು ಗ್ಲೆನಿಸ್, ಟೀಕೇಕ್ ಬನ್ನಿಗೆ ಬೆಣ್ಣೆ ಸವರುತ್ತಾ. ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಅವಳದು, ಯಜಮಾನಿಕೆಯೂ ಅವಳದೇ. “ಹಾಕಬಾರ್ದು ಅನ್ನೋ ಹಳೇ ನಿರ್ಣಯ ಇದೆಯಲ್ಲ? ಅದು ರದ್ದಾಗ್ಬೇಕು ಅಂದ್ರೆ ಮೂರೂ ಜನ ಕೈ ಎತ್ಬೇಕು.”

“ಇಗೋ, ಎತ್ತಿದೆ,” ಎಂದ ಕ್ಲೈವ್. ಗ್ಲೆನಿಸ್ ಬೆಣ್ಣೆ ಚಾಕು ಹಿಡಿದ ಕೈಯನ್ನೇ ಎತ್ತಿದಳು.

ಇಬ್ಬರೂ ನಾರಿಸ್‌ನತ್ತ ನೋಡಿದರು. ಅವನಿಗೆ ಹೆಸರು ಬೇಕಿತ್ತು, ಬಹಳ ಬೇಕಿತ್ತು. ಕ್ಲೈವ್ ತಕರಾರು ತೆಗೆಯುತ್ತಾನೆ, ಜಗಳವಾಡಿ ಗೆಲ್ಲೋಣ ಎಂದು ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡು ಬಂದಿದ್ದ. ತಕರಾರೇ ಇಲ್ಲದಾಗ ತನ್ನ ಹೆಸರಿಗೆ ತಾನೇ ಕೈ ಎತ್ತುವುದು ಹೇಗೆ?

“ಎತ್ತೋ ಮಾರಾಯ, ಟೀ ಆರ್ತಿದೆ,” ಎಂದಳು ಗ್ಲೆನಿಸ್.

“ಹೆಸರಿಗೋಸ್ಕರ ನುಡಿಸಿದ್ವಾ ನಾವು? ತತ್ವ ಅಂದ್ರೆ ತತ್ವ. ಬೇಡ,” ಎಂದುಬಿಟ್ಟ ನಾರಿಸ್. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ಸರಿ ಬಿಡು, ನನ್ನ ಫ್ರೇಮು ಗೋಡೆ ಮೇಲೇ ಇರತ್ತೆ,” ಎಂದು ಕ್ಲೈವ್ ನಕ್ಕ.

ಗ್ಲೆನಿಸ್ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು. “ಹಾಳಾಗ್ ಹೋಗು. ಅವತ್ತೂ ಹೀಗೇ ಹಟ ಹಿಡ್ದಿದ್ದೆ.”

ನಾಲ್ಕು ತಿಂಗಳಾದ ಮೇಲೆ ಮಾರ್ಕೆಟ್ಟಿನ ಅದೇ ಚಹಾದಂಗಡಿಗೆ ಅವಳು ರೆಕಾರ್ಡು ತಂದಳು. ನಾರಿಸ್ ಕವರನ್ನು ಹಿಂದೆ ಮುಂದೆ ತಿರುಗಿಸಿದ. ಒಂದು ಹೆಸರೂ ಇಲ್ಲ. ಕೈಯಾರೆ ಮಾಡಿಕೊಂಡದ್ದು, ಯಾರನ್ನು ಬೈಯುವುದು?

“ಒಳಗೆ ನೋಡೋ,” ಎಂದಳು ಗ್ಲೆನಿಸ್. “ಆಗಿನ ಕಾಲದ ಫೋಟೋ ಕೊಡಿ ಅಂದ್ರು ಅವ್ರು. ಫೋಟೋ ತೆಗೆಸ್ಕೋಬಾರ್ದು ಅಂತಾನೂ ನಿನ್ನದೇ ನಿರ್ಣಯ ಇತ್ತಲ್ಲ! ಅದಕ್ಕೆ ಇದನ್ನ ಕೊಟ್ಟೆ.”

ಒಳಗಿನ ಹಾಳೆಯ ತುಂಬ ಆ ನೋಟ್‌ಬುಕ್ಕಿನ ಒಂದು ಪುಟ ಅಚ್ಚಾಗಿತ್ತು. ‘ನಮ್ಮಲ್ಲಿ ಯಾರೂ ದೊಡ್ಡವರಲ್ಲ. ಕವರಿನ ಮೇಲೆ ಯಾರ ಹೆಸರನ್ನೂ ಹಾಕಕೂಡದು.’ ಅದರ ಕೆಳಗೆ, ಅರ್ಧ ಪುಟ ನುಂಗಿ, ಎರಡು ಅಡಿಗೆರೆ ಎಳೆದ ಸಹಿ: ‘ನಾರಿಸ್ ಹೆಪ್‌ವರ್ತ್, ಗಿಟಾರ್.’

ನಾರಿಸ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ.

“ಇದಕ್ಕೆ ನೀನು ಮತಾನೇ ಹಾಕಿಸ್ಲಿಲ್ಲ,” ಎಂದು ಗದರಿದ. ಆಮೇಲೆ ದನಿ ತಗ್ಗಿಸಿ ಕೇಳಿದ: “ಎಷ್ಟು ಕಾಪಿ ಹಾಕಿದಾರಂತೆ?”