ಅರ್ಧ ರುಬ್ಬಿದ ಉದ್ದು

ಉದ್ದು ರುಬ್ಬುವ ಹಸಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಣ್ಣು ಮೊದಲು ಬಾಗಿಲ ಚಿಲಕದ ಕಡೆ ಹೋಗುತ್ತದೆ.

ಬಳ್ಳಾರಿ ಕಡೆಯವನಾದ ಅಪ್ಪ ಆಂಧ್ರದ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೂಲಿಯಾಗಿದ್ದ. ಅಮ್ಮ ಮಹಿಳಾ ಗುಂಪಿನಿಂದ ಸಾಲ ತೆಗೆದು ಗ್ರೈಂಡರ್ ಕೊಂಡು, ದೋಸೆ ಹಿಟ್ಟು ಮಾರುತ್ತಿದ್ದಳು. ಗುಂಪಿನಲ್ಲಿ ಒಬ್ಬಳು ವಾರದ ಕಂತು ತಪ್ಪಿಸಿದರೆ ಉಳಿದವರು ಅದನ್ನು ತುಂಬಲೇಬೇಕಿತ್ತು. ಆ ವಾರ ನಮ್ಮ ಕಂತಿನ ದುಡ್ಡು ನನ್ನ ಜ್ವರ, ಕೆಮ್ಮಿನ ಔಷಧಿಗೆ ಹೋಗಿತ್ತು. ಅಮ್ಮ ಕಂತು ಕಟ್ಟುವ ಗುಂಪಿನ ಸಭೆಗೆ ಹೋಗಲಿಲ್ಲ.

ಮಧ್ಯಾಹ್ನ ಓಣಿಯಲ್ಲಿ ಗುಂಪಿನ ಹೆಂಗಸರ ಮಾತು ಕೇಳಿದ್ದೇ ತಡ, ಅಮ್ಮ ಚಿಲಕ ಹಾಕಿ, ತಿರುಗುತ್ತಿದ್ದ ಗ್ರೈಂಡರ್ ನಿಲ್ಲಿಸಿದಳು. ಹಿಟ್ಟು ಮೆತ್ತಿದ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು.

"ಕೆಮ್ಮಬ್ಯಾಡವ್ವ, ಒಂದೀಟು ತಡಕೋ," ಎಂದು ಕಿವಿಯಲ್ಲಿ ಉಸುರಿದಳು.

ಹೊರಗೆ ಬಾಗಿಲು ಬಡಿದರು, ಕರೆದರು. ಕೊನೆಗೆ ಮೆಟ್ಟಿಲ ಮೇಲೇ ಕುಳಿತರು. ಅವರ ಬಳೆಗಳ ಸದ್ದು ಒಳಗೆ ಕೇಳುತ್ತಿತ್ತು. ತಗಡಿನ ಮಾಡಿನ ಕೆಳಗೆ ಬೆವರು ಇಳಿಯುತ್ತಿತ್ತು. ಅರ್ಧ ರುಬ್ಬಿದ ಉದ್ದು ಆ ಸೆಕೆಯಲ್ಲಿ ಆಗಲೇ ಹುಳಿ ವಾಸನೆ ಹೊಡೆಯತೊಡಗಿತ್ತು. ನನ್ನ ಗಂಟಲಲ್ಲಿ ಕೆಮ್ಮು ಕೆರೆಯುತ್ತಿತ್ತು.

ಆಗ ಗುಂಪಿನ ಮುಂದಾಳು, ಪಕ್ಕದ ಮನೆಯ ತೆಲುಗು ಅತ್ತೆ, ಬಾಗಿಲ ಸಂದಿಗೆ ಬಾಯಿಟ್ಟು ತನ್ನ ತೆಲುಗಿನಲ್ಲೇ ಅಮ್ಮನನ್ನು ಅತ್ತಿಗೆ ಎಂದು ಕರೆದು ಹೇಳಿದಳು:

"ವದಿನಾ, ಗ್ರೈಂಡರ್ ಹಾಕಿಕೋ. ಹಿಟ್ಟು ಕೆಟ್ಟರೆ ಮುಂದಿನ ವಾರವೂ ನಿನ್ನದನ್ನು ನಾವೇ ಕಟ್ಟಬೇಕಾಗುತ್ತೆ."

ಹೊರಗೆ ಯಾರೂ ನಗಲಿಲ್ಲ.

ಅಮ್ಮ ನನ್ನ ಬಾಯಿಂದ ಕೈ ತೆಗೆದು ಸ್ವಿಚ್ ಒತ್ತಿದಳು. ಕಲ್ಲುಗಳು ಗರಗರ ತಿರುಗಿದವು. ಆ ಸದ್ದಿನಲ್ಲಿ ನಾನು ತಡೆದಿಟ್ಟಿದ್ದ ಕೆಮ್ಮನ್ನೆಲ್ಲ ಕೆಮ್ಮಿದೆ. ಹೊರಗೆ ಒಬ್ಬೊಬ್ಬರೇ ಎದ್ದು ಹೋಗುವ ಚಪ್ಪಲಿ ಸದ್ದು ಕೇಳಿಸಿತು.

ಚಿಲಕವನ್ನು ಮಾತ್ರ ಅಮ್ಮ ಆ ದಿನವೆಲ್ಲ ತೆಗೆಯಲಿಲ್ಲ.