ಕಾಶಿಯಲ್ಲಿ ಬಿಟ್ಟದ್ದು

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪಕ್ಕದ ಮನೆಯೂ ಕಾಣುತ್ತಿರಲಿಲ್ಲ. ತೊಂಬತ್ತು ದಾಟಿ ದೇವರ ಪಾದ ಸೇರಿದ ಅಜ್ಜಿಯ ವೈಕುಂಠ ಸಮಾರಾಧನೆ. ತೀರಿಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಗೆ ಬಡಿಸುವ ದಿನ.

“ಏನೂಂದ್ರೆ, ಅತ್ತೆಗೆ ಬದನೆಕಾಯಿ ಎಣ್ಣೆಗಾಯಿ ಅಂದ್ರೆ ಪ್ರಾಣ. ಇವತ್ತಾದ್ರೂ ಮಾಡ್ಲಾ?” ಸೊಸೆ ಕೇಳಿದಳು. ಅವಳಿಗೂ ಅದು ಪ್ರಾಣವೇ.

“ಛೆ! ಅಮ್ಮ ಅದನ್ನ ಕಾಶೀಲಿ ಬಿಟ್ಟು ಬಂದೋಳು!” ಮಗ ಫೋಟೋಗೆ ಕೈಮುಗಿದ.

ಕಾಶಿಗೆ ಹೋದವರು ತಮಗಿಷ್ಟದ ತಿನಿಸೊಂದನ್ನು ಗಂಗೆಗೆ ಬಿಟ್ಟು ಬರುವುದು ವಾಡಿಕೆ. ಅಜ್ಜಿ ಹಾಗೆ ಬಿಟ್ಟು ಬಂದ ಮೇಲೆ ಆ ಮನೆಯೊಳಗೆ ಬದನೆಕಾಯಿಯ ತೊಟ್ಟೂ ಬಂದಿರಲಿಲ್ಲ.

“ಬಿಟ್ಟಿದ್ದು ಅತ್ತೆ. ಇಷ್ಟು ವರ್ಷ ನಾನ್ಯಾಕೆ ಬಾಯಿ ಕಟ್ಕೋಬೇಕಿತ್ತು?”

“ಅಮ್ಮನ ವ್ರತ ಅಂದ್ರೆ ಮನೆಯವರೆಲ್ಲರ ವ್ರತ. ನಾನು ಬಾಯಿ ಕಟ್ಟಿಲ್ವಾ? ನಾಲಿಗೆ ಗೆಲ್ಲೋದನ್ನ ಅಮ್ಮನ್ನ ನೋಡಿ ಕಲೀಬೇಕು ಕಣೆ. ನಿನಗೆಲ್ಲಿ ಬರ್ಬೇಕು ಆ ವೈರಾಗ್ಯ!”

“ಪುಣ್ಯಾತ್ಗಿತ್ತಿ,” ಎಂದು ನೆಂಟರೆಲ್ಲ ಕಣ್ಣೊರೆಸಿಕೊಂಡರು. ಸೊಸೆ ಕುಂಬಳಕಾಯಿ ಹೆಚ್ಚಲು ಕೂತಳು.

ಮಂಜು ಕರಗುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಪಕ್ಕದ ಮನೆಯಾಕೆ ಬಂದು ನಿಂತಳು. ಸೆರಗಿನ ಮರೆಯಿಂದ ತೊಳೆದಿಟ್ಟ ಎರಡು ಡಬ್ಬಿಗಳನ್ನು ತೆಗೆದು ಸೊಸೆಯ ಕೈಗಿಟ್ಟು ಪಿಸುಗುಟ್ಟಿದಳು:

“ನಮ್ಮಲ್ಲೇ ಉಳ್ಕೊಂಡಿದ್ವು ಕಣಮ್ಮಾ. ಎಣ್ಣೆಗಾಯಿ ಮಾಡಿದಾಗೆಲ್ಲ ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರು ಬಂದು ಹಾಕಿಸ್ಕೊಂಡು ತಿನ್ನೋರು. ಚಿಕ್ಕದು ಅಜ್ಜಿದು. ದೊಡ್ಡದು ನಿಮ್ಮ ಯಜಮಾನ್ರದು.”