ಸುಮಿತ್ರಮ್ಮ ಬಿಟ್ಟ ಹಣ್ಣು

ಡಾಕ್ಟರ್ ಸುಪ್ರೀತಾ ಲ್ಯಾಬಿನ ಕವರು ಒಡೆಯುವ ಮೊದಲೇ ಸುಮಿತ್ರಮ್ಮ ಕಾರಣ ಹೇಳಿಯಾಗಿತ್ತು.

“ಸ್ಕೂಟಿ ಡಾಕ್ಟ್ರೇ. ಶೆಟ್ಟಿಕೊಪ್ಪದಿಂದ ಎನ್.ಆರ್.ಪುರದ ಶಾಲೆಗೆ ಗುಂಡಿ ಹಾರಿಸ್ಕೊಂಡು ಹೋಗ್ತಿದ್ಲು. ಬೇಡ ಅಂತ ಬಡ್ಕೊಂಡೆ.”

ಪಕ್ಕದಲ್ಲಿದ್ದ ಸೊಸೆ ತುಂಗಾ ತಲೆ ಎತ್ತಲಿಲ್ಲ. ಮೂರು ಸಲ ಬಸಿರಾಗಿ ಮೂರು ಸಲವೂ ಮೂರು ತಿಂಗಳೊಳಗೆ ಹೋಗಿತ್ತು. ಮೊದಲನೆಯದಾದ ಮೇಲೆ ಅವಳು ಸ್ಕೂಟಿ ಮುಟ್ಟಿರಲಿಲ್ಲ. ಮತ್ತೆ ಉಳಿದೆರಡು ಹೇಗೆ ಹೋದವು ಎಂದರೆ ಅದಕ್ಕೂ ಅತ್ತೆಯ ಬಳಿ ಉತ್ತರವಿತ್ತು: ಮೊದಲ ಸಲದ ಪೆಟ್ಟು. ಪಾಪ, ತುಂಗಾಳೂ ಅದನ್ನೇ ನಂಬಿಬಿಟ್ಟಿದ್ದಳು. ಈ ಸಲ ಹೋದ ಗರ್ಭದ ಒಂದು ಚೂರನ್ನು ಡಾಕ್ಟರು ಪರೀಕ್ಷೆಗೆಂದು ಮಂಗಳೂರಿಗೆ ಕಳಿಸಿದ್ದರು.

“ಸ್ಕೂಟಿಯೂ ಅಲ್ಲ, ಗುಂಡಿಯೂ ಅಲ್ಲ” ಎಂದರು ಡಾಕ್ಟರು, ಕಾಗದ ಓದಿ. “ಭ್ರೂಣದಲ್ಲೇ ಒಂದು ಕ್ರೋಮೋಸೋಮು ಹೆಚ್ಚಿತ್ತು. ಶುರುವಿನಲ್ಲೇ ಆದದ್ದು. ತುಂಗಾ ಮಂಚ ಬಿಟ್ಟು ಇಳಿಯದೆ ಇದ್ದಿದ್ರೂ ನಿಲ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರ ರಕ್ತವೂ ಸರಿ ಇದೆ. ಮುಂದಿನದು ನಿಲ್ಲೋದಕ್ಕೆ ಅಡ್ಡಿ ಎಂತದೂ ಕಾಣ್ತಿಲ್ಲ.”

ತುಂಗಾಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಸುಮಿತ್ರಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

“ಡಾಕ್ಟ್ರೇ, ಅನಾನಸು ತಿಂದ್ರೆ?”

“ತುಂಗಾ ತಿಂದಿದ್ರಾ?”

“ಅವಳಲ್ಲ, ನಾನು. ನಮ್ಮ ಮಗ ಪ್ರಸಾದ ಹುಟ್ಟೋಕೆ ಮುಂಚಿನ ಬಸಿರಲ್ಲಿ. ಎರಡೇ ಹೋಳು. ಮಾರನೇ ದಿನ ಹೋಯ್ತು.”

ತುಂಗಾ ಅತ್ತೆಯನ್ನೇ ನೋಡಿದಳು. ಕಾಶಿಗೆ ಹೋದವರು ಇಷ್ಟದ್ದೊಂದನ್ನು ಅಲ್ಲೇ ಬಿಟ್ಟು ಬರುತ್ತಾರಲ್ಲ, ಹಾಗೆ ಅತ್ತೆ ಅನಾನಸು ಬಿಟ್ಟಿದ್ದಾರೆಂದು ಮನೆಯವರೆಲ್ಲ ತಿಳಿದಿದ್ದರು. ಅವರು ಕಾಶಿಗೆ ಹೋದದ್ದು ಯಾವಾಗ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಡಾಕ್ಟರು ಕಾಗದ ಕೆಳಗಿಟ್ಟರು. “ಆಗ ಪರೀಕ್ಷೆ ಮಾಡಿಲ್ಲ, ಕಾರಣ ಹೇಳಲಾರೆ. ಆದ್ರೆ ಎರಡು ಹೋಳು ಅನಾನಸಿನಿಂದ ಅಲ್ಲಮ್ಮ. ಅದನ್ನು ಖಂಡಿತ ಹೇಳ್ತೇನೆ.”

ಆಸ್ಪತ್ರೆಯಿಂದ ಊರಿಗೆ ಹೊರಟಾಗ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣಿನ ಗಾಡಿಯ ಮುಂದೆ ಸುಮಿತ್ರಮ್ಮ ನಿಂತರು. “ಉಪ್ಪು ಖಾರ ಹಾಕಿ ಎರಡು ಹೋಳು ಕೊಡಿ.” ಎರಡನ್ನೂ ತಾವೇ ತಿಂದರು. ರಸ ಮೊಣಕೈವರೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

“ನಾಳೆ ಸ್ಕೂಟಿಗೆ ಗಾಳಿ ಹೊಡೆಸು ಮಾರಾಯ್ತಿ” ಎಂದರು.

“ಮತ್ತೆ ಕಾಶಿ, ಅತ್ತೆ?”

“ಮೊಮ್ಮಗು ಹುಟ್ಲಿ, ಎತ್ಕೊಂಡೇ ಹೋಗುವ. ಹಾಗಲಕಾಯಿ ಬಿಟ್ಟು ಬರ್ತೇನೆ.”